ಡಾಮಿನಾರ್ 400: ಸ್ಲಿಪ್ಪರ್ ಕ್ಲಚ್ ಕೆಲಸ ಎಲ್ಲಿಗೆ ಬಂತು

ಬಜಾಜ್ ಡಾಮಿನಾರ್ 400 ಬೈಕಿನ ಕ್ಲಚ್ ಕೆಲಸ ಈ ವಾರಾಂತ್ಯಕ್ಕೆ ಬಹುಪಾಲು ಮುಗಿದಿದೆ. ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಮೊದಲ ಗೇರಿನಲ್ಲಿ ಲಿವರನ್ನು ಪೂರ್ತಿ ಹಿಡಿದು ನಿಂತಿದ್ದರೂ ಗಾಡಿ ಮುಂದಕ್ಕೆ ಎಳೆಯುತ್ತಿತ್ತು. ಅಂದರೆ ಕ್ಲಚ್ ಜಾರುತ್ತಿರಲಿಲ್ಲ, ಬಿಡಬೇಕಾದಾಗ ಪೂರ್ತಿ ಬಿಡುತ್ತಿರಲಿಲ್ಲ.

ಇದು 373 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್. ಘಾಟಿ ಇಳಿಯುವಾಗ ಥ್ರಾಟಲ್ ಮುಚ್ಚಿ ಒಮ್ಮೆಲೇ ಕೆಳಗಿನ ಗೇರಿಗೆ ಬಂದರೆ ಹಿಂದಿನ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಆ ಹೊರೆಗೆ ಟೈರು ನೆಲದ ಮೇಲೆ ಕುಪ್ಪಳಿಸುತ್ತದೆ. ಸ್ಲಿಪ್ಪರ್ ಕ್ಲಚ್ಚಿನಲ್ಲಿರುವ ಇಳಿಜಾರಾದ ಮುಖಗಳು ಇಂಥ ಹಿಮ್ಮುಖ ಬಲ ಬಂದಾಗ ಒಂದರ ಮೇಲೊಂದು ಏರಿ, ಕ್ಲಚ್ ಪ್ಲೇಟುಗಳನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟನ್ನು ತುಸು ಹೊರಕ್ಕೆ ತಳ್ಳುತ್ತವೆ; ಪ್ಲೇಟುಗಳು ಬೇಕಾದಷ್ಟೇ ಜಾರಿ ಆ ಹೊರೆಯನ್ನು ಕಡಿಮೆ ಮಾಡುತ್ತವೆ. ಹೀಗಾಗಿ ಕ್ಲಚ್ ಬಿಚ್ಚಿದಾಗ ಪ್ಲೇಟುಗಳ ದಪ್ಪವನ್ನಷ್ಟೇ ಅಳೆದು ಸುಮ್ಮನಾಗುವುದು ಸರಿಯಲ್ಲ, ಈ ಮುಖಗಳನ್ನೂ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಯಿಲ್ ಇಳಿಸಿ, ಬಲಬದಿಯ ಕವರ್ ತೆಗೆದು, ಸ್ಪ್ರಿಂಗ್ ಬೋಲ್ಟುಗಳನ್ನು ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬಂದೆ. ಪ್ಲೇಟುಗಳನ್ನು ಹೊರಬಂದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿದೆ. ಟಾರ್ಚ್ ಬೆಳಕಿನಲ್ಲಿ ಇಳಿಜಾರಿನ ಮುಖಗಳ ಮೇಲೆ ಉಗುರು ಎಳೆದು ನೋಡಿದಾಗ ಎಲ್ಲಿಯೂ ತಡೆಯಲಿಲ್ಲ. ಲೋಹ ನುಣುಪಾಗಿ ಹೊಳೆಯುತ್ತಿತ್ತು, ಗುಳಿಯಾಗಲಿ ಮೆಟ್ಟಿಲಾಗಲಿ ಇರಲಿಲ್ಲ. ಪ್ಲೇಟುಗಳು ಕೂರುವ ಹೌಸಿಂಗಿನ ಬೆರಳುಗಳಲ್ಲಿಯೂ ಪ್ಲೇಟಿನ ಹಲ್ಲು ಸಿಕ್ಕಿಕೊಳ್ಳುವಂಥ ಕಚ್ಚು ಕಾಣಲಿಲ್ಲ. ದೋಷ ಸಿಕ್ಕಿದ್ದು ಉಕ್ಕಿನ ಪ್ಲೇಟುಗಳಲ್ಲಿ. ದಪ್ಪ ಗಾಜಿನ ಮೇಲಿಟ್ಟು ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿದಾಗ, ಅಂಚು ನೀಲಿಗಟ್ಟಿದ್ದ ಪ್ಲೇಟುಗಳು ಸರ್ವಿಸ್ ಮ್ಯಾನ್ಯುಯಲ್ ಹೇಳುವ ಮಿತಿಗಿಂತ ಹೆಚ್ಚು ಬಾಗಿದ್ದವು. ಜೊತೆಗೆ ಕೇಬಲ್ಲಿನ ಎಳೆಗಳು ಲಿವರ್ ಕಡೆಯ ತುದಿಯಲ್ಲಿ ಬಿಚ್ಚಿಕೊಂಡಿದ್ದವು.

ಉಕ್ಕಿನ ಪ್ಲೇಟುಗಳ ನಡುವೆ ಕೂರುವ ಫ್ರಿಕ್ಷನ್ ಪ್ಲೇಟುಗಳ ದಪ್ಪ ವರ್ನಿಯರ್ ಅಳತೆಯಲ್ಲಿ ಸರಿಯಿದ್ದರೂ, ಬಾಗಿದ ಉಕ್ಕಿಗೆ ಹೊಂದಿಕೊಂಡು ಸವೆದಿರುವ ಕಾರಣ ಇಡೀ ಸೆಟ್ಟನ್ನೇ ಬದಲಿಸಿದೆ. ಹೊಸ ಪ್ಲೇಟುಗಳನ್ನು ಒಂದು ರಾತ್ರಿ ಎಂಜಿನ್ ಆಯಿಲಿನಲ್ಲಿ ನೆನೆಹಾಕಿದ್ದೆ. ಗ್ಯಾರೇಜಿನಲ್ಲಿ ಗಟ್ಟಿಯಾದ ಸ್ಪ್ರಿಂಗ್ ಹಾಕಿಸುವಂತೆ ಸಲಹೆ ಬಂತು, ನಾನು ಒಪ್ಪಲಿಲ್ಲ. ಸ್ಪ್ರಿಂಗ್ ಬಲ ಹೆಚ್ಚಿದಷ್ಟೂ ಪ್ರೆಷರ್ ಪ್ಲೇಟ್ ಏಳಲು ಹೆಚ್ಚಿನ ಹಿಮ್ಮುಖ ಬಲ ಬೇಕಾಗುತ್ತದೆ. ಆಗ ಲಿವರೂ ಭಾರ, ಸ್ಲಿಪ್ಪರ್ ಇದ್ದೂ ಅದರ ಪ್ರಯೋಜನ ಕಡಿಮೆ. ಬೋಲ್ಟುಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿದೆ. ಆಯಿಲ್ ಜಾಸೋ ಎಂಎ2 ದರ್ಜೆಯದು, ಅಂದರೆ ಬೈಕುಗಳ ಆಯಿಲಿಗಿರುವ ಜಪಾನಿ ಮಾನದಂಡದ್ದು. ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ಅಂಶಗಳಿರಬಹುದಾದ್ದರಿಂದ ಆಯಿಲಿನಲ್ಲಿ ಮುಳುಗಿರುವ ಇಂಥ ಕ್ಲಚ್ಚಿಗೆ ಅವು ಹೊಂದುವುದಿಲ್ಲ.

ಹೊಸ ಕೇಬಲ್ ಹಾಕಿ, ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ಎಲ್ಲಿಯೂ ಬಿಗಿಯುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಲಿವರಿನ ಬುಡದಲ್ಲಿ 2–3 ಮಿ.ಮೀ. ಫ್ರೀ ಪ್ಲೇ, ಅಂದರೆ ಕೇಬಲ್ ಎಳೆಯುವ ಮುನ್ನ ಲಿವರ್ ಸಡಿಲವಾಗಿ ಚಲಿಸುವ ಅಂತರ, ಉಳಿಸಿದೆ. ಇದು ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಇದು ಇಲ್ಲವೇ ಇಲ್ಲವಾದರೆ ಪ್ಲೇಟುಗಳು ಸದಾ ಅರೆಬರೆ ಒತ್ತಿಕೊಂಡು ಜಾರಿ ಸುಡುತ್ತವೆ. ಈಗ ಎಂಜಿನ್ ಬಿಸಿಯಿದ್ದಾಗಲೂ ನ್ಯೂಟ್ರಲ್ ಒಂದೇ ಒತ್ತಿಗೆ ಸಿಗುತ್ತಿದೆ. ಗೇರ್ ಇಳಿಸಿದಾಗ ಲಿವರಿನಲ್ಲಿ ಬೆರಳಿಗೆ ತಾಗುವ ಸಣ್ಣ ಮಿಡಿತ ಸ್ಲಿಪ್ಪರ್ ಕೆಲಸ ಮಾಡುತ್ತಿರುವುದರ ಗುರುತು, ಅದನ್ನು ದೋಷವೆಂದು ತಿಳಿಯಬೇಕಿಲ್ಲ. ಹೊಸ ಕೇಬಲ್ ಮೊದಮೊದಲು ಸ್ವಲ್ಪ ಸಡಿಲಗೊಳ್ಳುವುದರಿಂದ ಫ್ರೀ ಪ್ಲೇಯನ್ನು ಮತ್ತೊಮ್ಮೆ ಎಂಜಿನ್ ತಣ್ಣಗಿರುವಾಗ ಹೊಂದಿಸುವುದು ಬಾಕಿಯಿದೆ.