ಕ್ಯಾಲೆಂಡರ್ ಹಾಳೆಯ ಫೋರ್ತ್ ಸೇತುವೆ: ಗೋಪುರ ಬಿದ್ದ ವಾರ

ಹೋದ ಭಾನುವಾರ ಇಂಚ್‌ಗಾರ್ವಿ ಗೋಪುರ ಬಿತ್ತು. ಬೀಳಿಸಿದ್ದು ಒಂದೇ ಒಂದು ಐದು ರೂಪಾಯಿ ನಾಣ್ಯ.

ಮೊದಲಿಂದ ಹೇಳುತ್ತೇನೆ. ಸ್ಕಾಟ್ಲೆಂಡಿನಲ್ಲಿ ಎಡಿನ್‌ಬರೋ ಹತ್ತಿರ ಫೋರ್ತ್ ನದಿಯ ಅಳಿವೆ ದಾಟುವ ರೈಲು ಸೇತುವೆಯ ಮಾದರಿ ಮಾಡುತ್ತಿದ್ದೇನೆ. 1890ರ ಮಾರ್ಚ್ 4ರಂದು ಉದ್ಘಾಟನೆಯಾದದ್ದು, ಈಗಲೂ ರೈಲು ಓಡುತ್ತಿದೆ. ಪೂರ್ತಿ ಉದ್ದ 2,467 ಮೀಟರ್. ನಮ್ಮ ಹೊನ್ನಾವರದ ಶರಾವತಿ ರೈಲು ಸೇತುವೆಯೂ 2 ಕಿ.ಮೀ. ದಾಟುತ್ತೆ, ಆದರೆ ಅದಕ್ಕೆ ಸಾಲಾಗಿ ಕಂಬಗಳಿವೆ. ಫೋರ್ತ್‌ನಲ್ಲಿ ಎರಡು ಕಡೆ 521 ಮೀಟರ್ ನೀರಿನ ಮೇಲೆ ಒಂದೂ ಕಂಬವಿಲ್ಲ. ಮೂರು ಗೋಪುರ, ಪ್ರತಿಯೊಂದೂ ಎರಡೂ ಕಡೆ ಕೈಚಾಚಿ ನಿಂತಿದೆ. ಆ ಕೈಗಳ ನಡುವೆ ಒಂದು ಚಿಕ್ಕ ಗರ್ಡರ್ ಕೂತಿದೆ, ಅಷ್ಟೇ.

ನನ್ನದು 500ಕ್ಕೆ 1ರ ಅಳತೆ. ಪೂರ್ತಿ ಮಾಡಿದರೆ ಐದು ಮೀಟರ್ ಆಗುತ್ತೆ, ಹಾಲ್‌ನಲ್ಲಿ ನಾವು ಇರಬೇಕಲ್ವಾ? ಹಾಗಾಗಿ ಫೈಫ್ ದಡದ ಗೋಪುರ, ನಡುಗಡ್ಡೆಯ ಮೇಲಿನ ಇಂಚ್‌ಗಾರ್ವಿ ಗೋಪುರ, ಇವೆರಡರ ನಡುವಿನ ಒಂದು ಅಂಕಣ ಮಾತ್ರ. ಏಳು ಅಡಿ ಹಲಗೆಯಲ್ಲಿ ಸರಿಯಾಗಿ ಹಿಡಿಸುತ್ತದೆ.

ಈ ಅಳತೆ ಆರಿಸಿದ್ದಕ್ಕೆ ಇನ್ನೊಂದು ಕಾರಣ ಪೆನ್ಸಿಲ್. ಅಸಲಿ ಸೇತುವೆಯ ದಪ್ಪ ಉಕ್ಕಿನ ಕೊಳವೆಗಳ ಅಡ್ಡಳತೆ 12 ಅಡಿ. ಇಲ್ಲಿ ಅದು 7 ಮಿ.ಮೀ. ಮೇಲೆ ಚೂರು. ಪೆನ್ಸಿಲ್‌ಗೆ ಹಳೇ ಕ್ಯಾಲೆಂಡರ್ ಹಾಳೆ ಎರಡು ಸುತ್ತು ಸುತ್ತಿದರೆ ಅಷ್ಟೇ ಬರುತ್ತೆ. ಪೆನ್ಸಿಲ್ ದುಂಡಗಿರಬೇಕು, ಆರು ಮೂಲೆಯದ್ದು ಬೇಡ. ಸುತ್ತುವ ಮೊದಲು ಅದಕ್ಕೆ ಮೇಣ ಸವರಿ. ಇಲ್ಲದಿದ್ದರೆ ಫೆವಿಕಾಲ್ ಕಚ್ಚಿಕೊಂಡು ಪೆನ್ಸಿಲ್ ಒಳಗೇ ಉಳಿಯುತ್ತದೆ. ನನ್ನ ಫೈಫ್ ಗೋಪುರದ ಒಂದು ಕಾಲಿನೊಳಗೆ ಮಗಳ ಪೆನ್ಸಿಲ್ ಇದೆ. ಮೊದಲು ಮೈದಾ ಅಂಟು ಬಳಸಿದ್ದೆ. ರಾತ್ರಿ ಜಿರಳೆಗಳು ಬಂದು ಊಟ ಮುಗಿಸಿ ಹೋದವು.

ಕೊಳವೆ ಎಲ್ಲಾ ಕಡೆ ಬರುವುದಿಲ್ಲ. ಒತ್ತಡ ತಡೆಯುವ ಕಡೆ ಕೊಳವೆ, ಎಳೆತ ತಡೆಯುವ ಕಡೆ ಜಾಲರಿ ತೊಲೆ. ಜಾಲರಿಗೆ ಕಡ್ಡಿ ಪೊರಕೆಯ ಕಡ್ಡಿ ಸೀಳಿ ಅಂಟಿಸುತ್ತಿದ್ದೇನೆ. ಯಾವುದು ಎಳೆತ, ಯಾವುದು ಒತ್ತಡ ಅಂತ ನನಗೇ ಗೊಂದಲವಿತ್ತು. ಅದು ಬಗೆಹರಿದದ್ದು ಊಟದ ಕುರ್ಚಿಗಳಿಂದ.

ಸೇತುವೆ ವಿನ್ಯಾಸ ಮಾಡಿದವರು ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್. ಜನರಿಗೆ ಅರ್ಥವಾಗಲೆಂದು ಬೇಕರ್ ಮನುಷ್ಯರನ್ನೇ ಕೂರಿಸಿ ತೋರಿಸಿದ ಫೋಟೋ ಇದೆ. ಎರಡು ಕುರ್ಚಿಗಳಲ್ಲಿ ಇಬ್ಬರು ಕೈಚಾಚಿ ಕೂತಿದ್ದಾರೆ, ನಡುವಿನ ಹಲಗೆಯ ಮೇಲೆ ಜಪಾನಿನ ಎಂಜಿನಿಯರ್ ಕೈಚಿ ವತಾನಬೆ. ನಾವೂ ಮಾಡಿದೆವು. ಕುರ್ಚಿಗಳಲ್ಲಿ ನನ್ನ ತಮ್ಮ ಮತ್ತು ಭಾವ. ಕೈಯಿಂದ ಕುರ್ಚಿ ಬುಡಕ್ಕೆ ಓರೆಯಾಗಿ ಕೋಲು. ಹೊರಗಿನ ಕೈಗಳಿಗೆ, ಫೋಟೋದಲ್ಲಿರುವ ಇಟ್ಟಿಗೆ ಬದಲು, ನೀರು ತುಂಬಿದ ಬಕೆಟ್. ನಡುವೆ ಮಗಳು.

"ತೋಳು ಕಿತ್ತು ಬರೋ ಹಾಗಿದೆ ಕಣೋ," ಅಂದರು ಭಾವ. "ಕೋಲು ಮಾತ್ರ ಕುರ್ಚಿಗೆ ಒತ್ತಿಕೊಂಡು ಕೂತಿದೆ."

ಇಷ್ಟೇ ಬೇಕಿತ್ತು ನನಗೆ. ತೋಳು ಇರುವ ಕಡೆ ಪೊರಕೆ ಕಡ್ಡಿ, ಕೋಲು ಇರುವ ಕಡೆ ಕ್ಯಾಲೆಂಡರ್ ಹಾಳೆ. ಭಾವ ಆಮೇಲೆ ಎರಡು ಲೋಟ ಕಾಫಿ ಕುಡಿದರು.

ಬಕೆಟ್ ವಿಷಯ ಆಗಲೇ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಫೈಫ್ ಗೋಪುರ ಚೆನ್ನಾಗಿ ಬಂದಿತ್ತು. ಬುಡದ ಉದ್ದ ಅಸಲಿಯಲ್ಲಿ 145 ಅಡಿ, ನನ್ನಲ್ಲಿ 8.8 ಸೆಂ.ಮೀ. ಕಾಲುಗಳು ಮೇಲೆ ಹೋದಂತೆ ಒಳಗೆ ವಾಲುತ್ತವೆ. ಬುಡದಲ್ಲಿ ಅಡ್ಡಕ್ಕೆ 120 ಅಡಿ ದೂರ, ತುದಿಯಲ್ಲಿ ಬರೀ 33. ಕಾಲು ಅಗಲಿಸಿ ನಿಂತ ಹಾಗೆ, ಗಾಳಿಗೆ ಜಗ್ಗಬಾರದೆಂದು. 1879ರ ಡಿಸೆಂಬರ್ 28ರ ಬಿರುಗಾಳಿಗೆ ಸ್ಕಾಟ್ಲೆಂಡಿನದೇ ಇನ್ನೊಂದು ರೈಲು ಸೇತುವೆ, ಟೇ ಸೇತುವೆ, ರೈಲಿನ ಸಮೇತ ಕುಸಿದಿತ್ತು. ಅದನ್ನು ಕಟ್ಟಿದ್ದ ಥಾಮಸ್ ಬೌಚ್ ಫೋರ್ತ್‌ಗೂ ತೂಗುಸೇತುವೆ ಶುರು ಮಾಡಿದ್ದರು, ಅದು ನಿಂತುಹೋಯಿತು. ಅವರು ಕಟ್ಟಿದ ಇಟ್ಟಿಗೆ ಕಂಬದ ಮೋಟು ಇನ್ನೂ ಇಂಚ್‌ಗಾರ್ವಿಯಲ್ಲಿದೆ. ಅದನ್ನೂ ಬೆಂಕಿಪೊಟ್ಟಣದ ತುಂಡಿನಲ್ಲಿ ಮಾಡಿ ಇಟ್ಟಿದ್ದೇನೆ.

ಅದೇ ಅಚ್ಚು ಇಟ್ಟುಕೊಂಡು ಇಂಚ್‌ಗಾರ್ವಿಯನ್ನೂ 8.8ಕ್ಕೇ ಮಾಡಿದೆ. ಎರಡೂ ತೋಳು ಕೂಡಿಸಿದೆ. ಸುಮ್ನೆ ನೋಡೋಣ ಅಂತ ಒಂದು ತುದಿಗೆ ನಾಣ್ಯ ಇಟ್ಟೆ. ಇಡೀ ಗೋಪುರ ನಿಧಾನಕ್ಕೆ ಮಗುಚಿಕೊಂಡಿತು. ಮೂರು ವಾರದ ಕೆಲಸ.

ಫೈಫ್ ಗೋಪುರಕ್ಕೆ ನಾಣ್ಯ ಇಟ್ಟರೆ ಹೀಗಾಗಲ್ಲ. ಅದರ ದಡದ ಕಡೆಯ ತೋಳಿನ ತುದಿ ಕಲ್ಲಿನ ಕಂಬದೊಳಗೆ ಕೂತಿದೆ, ಸುಮಾರು 1,000 ಟನ್ ಭಾರ ಹೇರಿದ್ದಾರೆ. ನಮ್ಮ ಬಕೆಟ್ ಅದೇ. ಇನ್ನೊಂದು ದಡದ ಕ್ವೀನ್ಸ್‌ಫೆರಿ ಗೋಪುರಕ್ಕೂ ಹಾಗೇ. ನಡುವಿನ ಇಂಚ್‌ಗಾರ್ವಿಗೆ ಬಕೆಟ್ ಎಲ್ಲಿ ಕಟ್ಟುವುದು? ಎರಡೂ ತೋಳು ನೀರಿನ ಮೇಲೆ. ಒಂದು ಕಡೆ ಮಾತ್ರ ರೈಲು ಬಂದರೆ ವಾಲಬಾರದಲ್ಲ. ಅದಕ್ಕೇ ಅದರ ಬುಡ 145 ಅಲ್ಲ, 260 ಅಡಿ. ಫೋಟೋಗಳಲ್ಲಿ ನಡುವಿನ ಗೋಪುರ ಅಗಲ ಇರುವುದನ್ನು ನೂರು ಸಲ ನೋಡಿದ್ದೆ. ಚೆಂದಕ್ಕೆ ಅಂದುಕೊಂಡಿದ್ದೆ.

ಈ ವಾರ 15.8 ಸೆಂ.ಮೀ. ಬುಡದಲ್ಲಿ ಮತ್ತೆ ಕಟ್ಟಿದೆ. ತೋಳುಗಳು ಹಳೆಯವೇ, ಒಂದಕ್ಕೆ ಬ್ಯಾಂಡೇಜ್ ಸುತ್ತಿದೆ. ಅದೇ ನಾಣ್ಯ ಅದೇ ತುದಿಗೆ ಇಟ್ಟೆ. ಅಲ್ಲಾಡಲಿಲ್ಲ. ಎರಡನೆಯದು ಇಡಲು ಹೋದೆ. ಹೆಂಡತಿ ಕೈ ಹಿಡಿದಳು.

ಬಣ್ಣ ಇನ್ನೂ ಹೊಡೆದಿಲ್ಲ. ನಮ್ಮಲ್ಲಿ ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಹತ್ತಿರ ಹತ್ತಿರ ಹೊಂದುತ್ತದೆ. ಅಸಲಿಯಲ್ಲಿರುವ 65 ಲಕ್ಷ ರಿವೆಟ್ ಕೇಳಬೇಡಿ, ಒಂದೂ ಹಾಕಿಲ್ಲ.

ಈಗ ಉಳಿದಿರುವುದು ನಡುವಿನ ಗರ್ಡರ್. 21.3 ಸೆಂ.ಮೀ. ಇರಬೇಕಿತ್ತು, ಮಳೆಗಾಲದ ತೇವಕ್ಕೆ ಹಿಗ್ಗಿ 2 ಮಿ.ಮೀ. ಜಾಸ್ತಿಯಾಗಿದೆ, ಸಂದಿಗೆ ಇಳಿಯುತ್ತಿಲ್ಲ. ಅಸಲಿ ಸೇತುವೆ ಕಟ್ಟುವಾಗ ಆಗಿದ್ದು ಉಲ್ಟಾ. ಚಳಿಗೆ ಉಕ್ಕು ಕುಗ್ಗಿ ಬೋಲ್ಟಿನ ತೂತುಗಳು ಕೂಡಲಿಲ್ಲ, ಬೆಂಕಿ ಹಚ್ಚಿ ಬಿಸಿ ಮಾಡಿ ಹಿಗ್ಗಿಸಿದರಂತೆ. ನನ್ನದು ಕಾಗದ, ಬಿಸಿಗೆ ಕುಗ್ಗುತ್ತೆ. ನಾಳೆ ಬಿಸಿಲು ಬಂದರೆ ಟೆರೇಸಿಗೆ ಒಯ್ಯುತ್ತೇನೆ, ಇಲ್ಲದಿದ್ದರೆ ಹೆಂಡತಿಯ ಹೇರ್ ಡ್ರೈಯರ್.