ರಾಟನ್ ಹಳ್ಳಿಯಿಂದ ಬಾಸ್ಟೈ ಹತ್ತುವವರು ತಿಳಿದಿರಬೇಕಾದದ್ದು

ಜರ್ಮನಿಯ ಸ್ಯಾಕ್ಸನಿಯಲ್ಲಿ, ಡ್ರೆಸ್ಡನ್ ದಾಟಿ ಎಲ್ಬೆ ನದಿಗೆ ಎದುರಾಗಿ ಹೋದರೆ ಕಾಡು ಹೊದ್ದ ಮರಳುಗಲ್ಲಿನ ಗುಡ್ಡಗಳ ನಡುವೆ ರಾಟನ್ ಸಿಗುತ್ತದೆ. ಊರಲ್ಲಿ ನಾನೂರು ಜನರೂ ಇಲ್ಲ. ಆದರೆ ನೆತ್ತಿಯ ಮೇಲಿನ ಬಾಸ್ಟೈ ಬಂಡೆ ನೋಡಲು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರುತ್ತಾರೆ. ಬಹುಪಾಲು ಜನ ಮೇಲಿನ ಪಾರ್ಕಿಂಗ್‌ವರೆಗೆ ಗಾಡಿಯಲ್ಲಿ ಬಂದು, ಸೇತುವೆ ಮೇಲೆ ಫೋಟೊ ತೆಗೆಸಿಕೊಂಡು ಅರ್ಧ ಗಂಟೆಗೆಲ್ಲ ಹೊರಟುಬಿಡುತ್ತಾರೆ. ಕಾಲಿನಲ್ಲಿ ಕಸುವಿರುವವರು ಹಾಗೆ ಮಾಡಬೇಡಿ. ಬೆಳಗ್ಗೆ ಬೇಗ, ಕೆಳಗಿನ ಹಳ್ಳಿಯಿಂದಲೇ ಹತ್ತಿ.

ಡ್ರೆಸ್ಡನ್ ಮುಖ್ಯ ನಿಲ್ದಾಣದಲ್ಲಿ ಬಾಡ್ ಶಾಂಡಾವ್ ಅಥವಾ ಶೋನಾ ಕಡೆಗೆ ಹೋಗುವ ಎಸ್1 ಲೋಕಲ್ ರೈಲು ಹಿಡಿಯಬೇಕು. ಎಸ್2 ದಾರಿ ನಡುವಿನ ಪಿರ್ನಾ ಪಟ್ಟಣದಲ್ಲೇ ನಿಂತುಬಿಡುತ್ತದೆ. ಹಗಲಿನಲ್ಲಿ ಅರ್ಧ ಗಂಟೆಗೊಂದು ರೈಲು. ನಲವತ್ತು ನಿಮಿಷದೊಳಗೆ ಕುರೋರ್ಟ್ ರಾಟನ್ ನಿಲ್ದಾಣ. ಪ್ರಾಗ್‌ಗೆ ಹೋಗುವ ದೂರದ ರೈಲುಗಳು ಇದೇ ಹಳಿಯಲ್ಲಿ ಓಡಿದರೂ ಇಲ್ಲಿ ನಿಲ್ಲುವುದಿಲ್ಲ, ಅವುಗಳಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುವುದೂ ಇಲ್ಲ. ಜರ್ಮನಿಯಾದ್ಯಂತ ಲೋಕಲ್ ರೈಲು, ಬಸ್ಸುಗಳಲ್ಲಿ ನಡೆಯುವ, ತಿಂಗಳಿಗೆ 58 ಯೂರೋ ಇದ್ದ ಆ ಟಿಕೆಟ್ 2026ರ ಜನವರಿಯಿಂದ 63 ಆಗಿದೆ. ಅದು ಇಲ್ಲದವರು ದಿನದ ಟಿಕೆಟ್ ಕೊಳ್ಳಿ. ನಾಲ್ಕೈದು ಜನ ಇದ್ದರೆ ಗುಂಪಿನ ದಿನದ ಟಿಕೆಟ್ಟೇ ಸೋವಿ. ಕಾಗದದ ಟಿಕೆಟ್ಟಿಗೆ ಮುದ್ರೆ ಹಾಕಬೇಕೇ ಎಂದು ಹತ್ತುವ ಮೊದಲೇ ನೋಡಿಕೊಳ್ಳಿ. ಮುದ್ರೆ ಬೇಕಿದ್ದ ಟಿಕೆಟ್ಟಿಗೆ ಅದು ಬಿದ್ದಿರದಿದ್ದರೆ ಟಿಕೆಟ್ ಇಲ್ಲದವರ ಲೆಕ್ಕಕ್ಕೇ ಸೇರುತ್ತೀರಿ, ದಂಡ 60 ಯೂರೋ.

ನಿಲ್ದಾಣ ಇರುವುದು ನದಿಯ ಎಡದಂಡೆಯಲ್ಲಿ, ಹಳ್ಳಿಯ ಮುಖ್ಯ ಭಾಗ ಬಲದಂಡೆಯಲ್ಲಿ. ನಡುವೆ ಸೇತುವೆ ಇಲ್ಲ, ಫೆರಿಯೊಂದೇ ದಾರಿ. ಈ ಫೆರಿಗೆ ದಾಟಲು ಇಂಜಿನ್ ಬೇಡ. ಹರಿವಿನ ಮೇಲ್ಭಾಗದಲ್ಲಿ ನದಿಯ ತಳಕ್ಕೆ ಲಂಗರು ಹಾಕಿದ ಉದ್ದನೆಯ ಉಕ್ಕಿನ ಹಗ್ಗಕ್ಕೆ ಅದನ್ನು ಕಟ್ಟಿರುತ್ತಾರೆ. ಹರಿವಿಗೆ ಓರೆಯಾಗಿ ತಿರುಗಿಸಿದರೆ ನೀರಿನ ಒತ್ತಡವೇ ಅದನ್ನು ಆಚೆ ದಡಕ್ಕೆ ನೂಕುತ್ತದೆ. ದಾಟುವುದಕ್ಕೆ ಕೆಲವೇ ನಿಮಿಷ ಸಾಕು, ರಜೆಯ ದಿನ ಸಾಲಿನಲ್ಲಿ ಕಾಯುವುದಕ್ಕೇ ಹೆಚ್ಚು ಹೊತ್ತು. ಚಿಲ್ಲರೆ ಜೇಬಲ್ಲಿರಲಿ. ನದಿ ಉಕ್ಕಿದಾಗ ಫೆರಿ ನಿಲ್ಲುತ್ತದೆ, ಆಗ ಈ ದಡದಲ್ಲಿ ನಿಂತು ಕಾದು ಪ್ರಯೋಜನವಿಲ್ಲ. ಪಿರ್ನಾಕ್ಕೆ ಹಿಂತಿರುಗಿ, ಅಲ್ಲಿಂದ ಬಾಸ್ಟೈಗೆ ಬಸ್ ಹಿಡಿಯಿರಿ. ಕಾರಿನಲ್ಲಿ ಬರುವವರೂ ಎಡದಂಡೆಯಲ್ಲೇ ಗಾಡಿ ನಿಲ್ಲಿಸಬೇಕು, ಹಳ್ಳಿಯೊಳಕ್ಕೆ ಪ್ರವಾಸಿಗರ ಕಾರು ಬಿಡುವುದಿಲ್ಲ. ರಾತ್ರಿ ತಂಗುವವರು ಲಗೇಜು ಹೇಗೆ ಸಾಗಿಸುವುದೆಂದು ಕೊಠಡಿ ಕಾದಿರಿಸುವಾಗಲೇ ಕೇಳಿಟ್ಟುಕೊಳ್ಳಿ.

ಇನ್ನು ಹತ್ತುವ ದಾರಿ. ದಡದಿಂದ ಹಳ್ಳಿಯೊಳಗೆ ಹೋಗಿ ಬಾಸ್ಟೈ ಫಲಕ ಹಿಡಿದರೆ ಅಲ್ಲಿಂದಲೇ ಏರು ಶುರು. ಬಾಸ್ಟೈ ಎಲ್ಬೆಯಿಂದ 194 ಮೀಟರ್ ಎತ್ತರದಲ್ಲಿದೆ. ದಾರಿಯ ಬಹುಭಾಗ ಮೆಟ್ಟಿಲು. ಸಾಧಾರಣ ನಡಿಗೆಗೆ ಮುಕ್ಕಾಲು ಗಂಟೆ, ಮಕ್ಕಳಿದ್ದರೆ ಒಂದು ಗಂಟೆಯ ಮೇಲೆ. ತಳ್ಳುಗಾಡಿಯ ಮಾತೇ ಇಲ್ಲ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕು. ಮೇಲೆ ಮೊದಲು ಸಿಗುವುದೇ ಸೇತುವೆ: 76.5 ಮೀಟರ್ ಉದ್ದ, ಏಳು ಕಮಾನು, ಕೆಳಗೆ ಸುಮಾರು 40 ಮೀಟರ್ ಆಳದ ಕಮರಿ. ಮರದ ಹಳೆಯ ಸೇತುವೆ ತೆಗೆದು ಈ ಕಲ್ಲಿನದನ್ನು ಕಟ್ಟಿದ್ದು 1851ರಲ್ಲಿ. ಹೆರ್ಮನ್ ಕ್ರೋನೆ ಎಂಬ ಛಾಯಾಗ್ರಾಹಕ 1853ರಲ್ಲೇ ಇಲ್ಲಿ ಕ್ಯಾಮೆರಾ ಹೂಡಿದ್ದ. ಸೇತುವೆಯ ಮೇಲೆ ನಿಂತು ಸೇತುವೆಯ ಫೋಟೊ ಸಿಗುವುದಿಲ್ಲ; ಎಲ್ಲರೂ ತೆಗೆಯುವ ಆ ನೋಟಕ್ಕೆ ಪಕ್ಕದ ಕವಲುದಾರಿಯಲ್ಲಿರುವ ಫೆರ್ಡಿನಾಂಡ್ ಬಂಡೆಗೆ ಹೋಗಬೇಕು. ಸೇತುವೆಗೆ ಅಂಟಿಕೊಂಡೇ ನೊಯ್‌ರಾಟನ್ ಎಂಬ ಬಂಡೆಕೋಟೆಯ ಅವಶೇಷಗಳಿವೆ, ಸಣ್ಣ ಶುಲ್ಕವಿದೆ. ಕಬ್ಬಿಣದ ಸೇತುಗಳ ಮೇಲೆ ಬಂಡೆಯಿಂದ ಬಂಡೆಗೆ ದಾಟುತ್ತ ಹೋಗುವುದು ಎತ್ತರಕ್ಕೆ ಹೆದರುವವರಿಗೆ ಹೇಳಿದ್ದಲ್ಲ. ಉಳಿದವರು ತಪ್ಪಿಸಬೇಡಿ, ದೊಡ್ಡ ಸೇತುವೆಗಿಂತ ಇಲ್ಲಿ ಜನ ಕಡಿಮೆ.

ಮುಖ್ಯ ನೋಟದ ಜಾಗದಲ್ಲಿ ಕಲ್ಲು ಸವೆದು ತುದಿಯನ್ನು ವರ್ಷಗಟ್ಟಲೆ ಮುಚ್ಚಿದ್ದರು. 2023ರಿಂದ ಬಂಡೆಯ ಮೇಲೆ ಭಾರ ಹಾಕದೆ ಮುಂಚಾಚುವ ಹೊಸ ಅಟ್ಟ ಬಂದಿದೆ. ಇಲ್ಲಿನ ಕಲ್ಲು ಸುಮಾರು 10 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಮರಳು. ಉಗುರಿಗೂ ಅಷ್ಟಿಷ್ಟು ಉದುರುತ್ತದೆ, ನೆನೆದರೆ ಇನ್ನೂ ಮೆತ್ತಗಾಗುತ್ತದೆ. ಅದಕ್ಕೇ ಬಂಡೆ ಹತ್ತುವವರಿಗೆ ಇಲ್ಲಿ ಕಟ್ಟುನಿಟ್ಟು ಜಾಸ್ತಿ: ಕೈಗೆ ಚಾಕ್ ಪುಡಿ ಹಚ್ಚುವಂತಿಲ್ಲ, ಬಿರುಕಿಗೆ ಲೋಹದ ಸಲಕರಣೆ ತುರುಕುವಂತಿಲ್ಲ, ಒದ್ದೆ ಕಲ್ಲು ಮುಟ್ಟುವಂತಿಲ್ಲ. ಬಂಡೆಯಲ್ಲಿ ಮೊದಲೇ ಕೂರಿಸಿದ ಉಂಗುರಗಳು ಬಿಟ್ಟರೆ ಭದ್ರತೆಗೆ ಗಂಟು ಹಾಕಿದ ಹಗ್ಗದ ಕುಣಿಕೆಗಳೇ ಗತಿ. ಹತ್ತದವರಿಗೂ ಅನ್ವಯಿಸುವ ಪಾಠ ಇಷ್ಟು: ಬೇಲಿ ದಾಟಿ ಅಂಚಿಗೆ ಹೋಗಬೇಡಿ, ಕಾಲಡಿಯ ಕಲ್ಲನ್ನು ನಂಬುವಂತಿಲ್ಲ.

ಹತ್ತು ಗಂಟೆಯಾಗುತ್ತಿದ್ದಂತೆ ಮೇಲೆ ಬಸ್ಸುಗಳು ಬಂದು ನಿಲ್ಲತೊಡಗುತ್ತವೆ. ಒಂಬತ್ತಕ್ಕೆ ಮೇಲಿದ್ದರೆ ಸೇತುವೆಯ ಮೇಲೆ ನಿಂತು ನೋಡಲು ಜಾಗವಿರುತ್ತದೆ, ಹನ್ನೊಂದಕ್ಕೆ ಹೋದರೆ ಹೆಗಲಿಗೆ ಹೆಗಲು. ಆಮೇಲೆ ಬಂದ ದಾರಿಯಲ್ಲೇ ಇಳಿಯದೆ ಶ್ವೇಡನ್‌ಲೋಷರ್ ಕಮರಿಯಲ್ಲಿ ಇಳಿಯಿರಿ. 1639ರಲ್ಲಿ ಸ್ವೀಡನ್ ಸೈನ್ಯಕ್ಕೆ ಹೆದರಿ ಸುತ್ತಲ ಹಳ್ಳಿಯವರು ಅಡಗಿದ್ದ ಜಾಗ ಇದು. ಪಾಚಿಗಟ್ಟಿದ ಗೋಡೆಗಳ ನಡುವೆ ಏಳುನೂರರಷ್ಟು ಮೆಟ್ಟಿಲು. ಬಿಸಿಲು ಬೀಳದ ಜಾಗವಾದ್ದರಿಂದ ಮಳೆ ನಿಂತು ಒಂದು ದಿನವಾದರೂ ಮೆಟ್ಟಿಲು ಜಾರುತ್ತವೆ, ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಅಡಿ ಸವೆದ ಸ್ಪೋರ್ಟ್ಸ್ ಶೂ ಹಾಕಿಕೊಂಡವರು ಬೀಳುವುದು ಇಲ್ಲೇ. ಮಂಡಿನೋವಿದ್ದರೆ ದಿಕ್ಕು ತಿರುಗಿಸಿ: ಇದನ್ನು ಹತ್ತಿ, ಸೇತುವೆಯ ಕಡೆ ಇಳಿಯಿರಿ. ಕೆಳಗೆ ಸಿಗುವ ಕಣಿವೆಯ ದಾರಿಯಲ್ಲಿ ಹಳ್ಳಿಯ ಕಡೆಗೆ ನಡೆದರೆ ಆಮ್ಸೆಲ್‌ಜೇ ಎಂಬ ಪುಟ್ಟ ಕೆರೆ. ಬೇಸಿಗೆಯಲ್ಲಿ ಹುಟ್ಟುಹಾಕುವ ದೋಣಿ ಬಾಡಿಗೆಗಿರುತ್ತದೆ. ಇಡೀ ಸುತ್ತಿಗೆ ನಿಂತು ನೋಡುವುದೂ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಹಳ್ಳಿಯಿಂದ ಕೆರೆಯವರೆಗೆ ಮಾತ್ರ ನಡೆಸಿದರೆ ಸಾಕು, ಅಷ್ಟು ದೂರ ದಾರಿ ಹೆಚ್ಚುಕಡಿಮೆ ಸಮತಟ್ಟು.

ಕಾಡಿನ ಬಗ್ಗೆ ಒಂದು ಎಚ್ಚರಿಕೆ. 2018ರ ಬರದ ನಂತರ ತೊಗಟೆ ಕೊರೆಯುವ ದುಂಬಿ ಇಲ್ಲಿನ ಸ್ಪ್ರೂಸ್ ಮರಗಳನ್ನು ಅಪಾರ ಸಂಖ್ಯೆಯಲ್ಲಿ ಕೊಂದಿದೆ. ರಾಷ್ಟ್ರೀಯ ಉದ್ಯಾನದ ಒಳಭಾಗದಲ್ಲಿ ಸತ್ತ ಮರಗಳನ್ನು ಹಾಗೇ ಬಿಡುತ್ತಾರೆ, ಗಾಳಿಗೆ ಅವು ಮುನ್ಸೂಚನೆ ಇಲ್ಲದೆ ಉರುಳುತ್ತವೆ. ಜೋರು ಗಾಳಿಯ ದಿನ ಹೋಗಬೇಡಿ, ಮುಚ್ಚಿದ ದಾರಿಗಳ ಪಟ್ಟಿಯನ್ನು ಹಿಂದಿನ ದಿನವೇ ನೋಡಿ. 2022ರ ಬೇಸಿಗೆಯಲ್ಲಿ ದೊಡ್ಡ ಕಾಡ್ಗಿಚ್ಚು ಆದ ಪ್ರದೇಶ ಇದು. ಕಾಡಿನಲ್ಲಿ ಸಿಗರೇಟು ಹಚ್ಚುವುದಕ್ಕೂ ದಂಡವಿದೆ. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಕಮರಿಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ನಕ್ಷೆ ಮೊದಲೇ ಇಳಿಸಿಕೊಳ್ಳಿ.

ಊಟದ ವಿಚಾರದಲ್ಲಿ ಸಸ್ಯಾಹಾರಿಗಳು ಹಳ್ಳಿಯನ್ನು ನಂಬಿ ಹೋಗಬಾರದು. ಸೂಪರ್ ಮಾರ್ಕೆಟ್ ಇಲ್ಲ, ನವೆಂಬರಿನಿಂದ ಮಾರ್ಚಿನವರೆಗೆ ಹೋಟೆಲುಗಳೂ ಹಲವು ಮುಚ್ಚಿರುತ್ತವೆ. ಆಲೂಗಡ್ಡೆ ಸೂಪು ಎಂದರೆ ಒಳಗೆ ಸಾಸೇಜೋ ಹಂದಿಯ ಕೊಬ್ಬೋ ಇರುವುದೇ ಹೆಚ್ಚು. ‘ಓನೆ ಫ್ಲೈಶ್, ಓನೆ ಸ್ಪೆಕ್’ (ಮಾಂಸವಿಲ್ಲದೆ, ಹಂದಿಯ ಕೊಬ್ಬಿಲ್ಲದೆ) ಎಂದು ಎರಡನ್ನೂ ಬಿಡಿಸಿ ಹೇಳಿ. ಆಲೂಗಡ್ಡೆಗೆ ಕ್ವಾರ್ಕ್ ಎಂಬ ಮೊಸರುಗಿಣ್ಣು ಕಲಸಿ ಕರಿದ ಕ್ವಾರ್ಕ್‌ಕೊಯ್ಲ್‌ಷನ್ ಸ್ಯಾಕ್ಸನಿಯದೇ ತಿಂಡಿ, ಸೇಬಿನ ಗೊಜ್ಜಿನ ಜೊತೆ ಚೆನ್ನಾಗಿರುತ್ತದೆ, ಮೊಟ್ಟೆ ಮಾತ್ರ ಇರುತ್ತದೆ. ಭಾನುವಾರ ಎಲ್ಲೆಡೆ ಅಂಗಡಿ ಬಂದ್. ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗುವುದೇ ಜಾಣತನ.

ಮೇ ತಿಂಗಳಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ಹವೆ ಹಿತ. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲಾಗುತ್ತದೆ, ಎರಡರೊಳಗೆ ಇಳಿಯತೊಡಗಿ. ಬೇಸಿಗೆಯಲ್ಲಿ ಬಂಡೆಗಳ ನಡುವಿನ ಬಯಲು ರಂಗಮಂದಿರದಲ್ಲಿ ನಾಟಕಗಳಿರುತ್ತವೆ. 1936ರ ಈ ರಂಗಮಂದಿರ ದುರಸ್ತಿಯಾಗಿ 2022ರಲ್ಲಿ ಮತ್ತೆ ತೆರೆದಿದೆ. ಸಂಜೆಯ ಆಟಕ್ಕೆ ಟಿಕೆಟ್ ತೆಗೆಯುವ ಮೊದಲು ಕೊನೆಯ ಫೆರಿ, ಕೊನೆಯ ರೈಲು ಎರಡರ ಹೊತ್ತನ್ನೂ ನೋಡಿ. ಹಗಲಲ್ಲೇ ಮರಳುವವರು ಹಳೆಯ ಉಗಿ ಹಡಗಿನಲ್ಲಿ ಪಿರ್ನಾದವರೆಗೆ ಹೋಗಬಹುದು. ಹರಿವಿನ ಜೊತೆ ಹೋಗುವುದರಿಂದ ಬೇಗ ಸಾಗುತ್ತದೆ, ಎದುರು ದಿಕ್ಕಿನಲ್ಲಿ ಬಂದರೆ ತುಂಬಾ ನಿಧಾನ. ಮಳೆಯಿಲ್ಲದ ಬೇಸಿಗೆಯಲ್ಲಿ ನದಿ ಬತ್ತಿ ಹಡಗುಗಳು ರದ್ದಾಗುವುದುಂಟು. ಆಗ ಫೆರಿ ದಾಟಿ ಎಸ್1 ಹಿಡಿಯಿರಿ.