ಎಲೆಕ್ಟ್ರಿಕ್ ಕಾರು ತರುವ ಮೊದಲು ಮನೆಯ ಪ್ಲಗ್ಗು, ಅರ್ತಿಂಗ್ ನೋಡಿ

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಬ್ಯಾಟರಿಗೆ ಬೆಂಕಿ ಹತ್ತುತ್ತದೆಯೇ ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಬ್ಯಾಟರಿಯನ್ನು ಕಾಯಲು ಕಾರಿನಲ್ಲೇ ಒಂದು ವ್ಯವಸ್ಥೆ ಇದೆ. ಸೆಲ್‌ಗಳ ವೋಲ್ಟೇಜು, ತಾಪಮಾನ ಎಲ್ಲವನ್ನೂ ಅದು ಗಮನಿಸುತ್ತಿರುತ್ತದೆ, ಏರುಪೇರಾದರೆ ಚಾರ್ಜಿಂಗ್ ನಿಲ್ಲಿಸುತ್ತದೆ. ಆ ಕಾರಿಗೆ ರಾತ್ರಿಯಿಡೀ ಕರೆಂಟು ಕೊಡುವ ಗೋಡೆಯ ಪ್ಲಗ್ಗನ್ನು ಮಾತ್ರ ಯಾರೂ ಕಾಯುತ್ತಿರುವುದಿಲ್ಲ. ಮನೆಯಲ್ಲಿ ಚಾರ್ಜ್ ಮಾಡುವವರ ತೊಂದರೆಗಳೆಲ್ಲ ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ.

ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಸಾಮಾನ್ಯವಾಗಿ 3.3 ಕಿಲೋವ್ಯಾಟ್‌ನದು. 230 ವೋಲ್ಟ್‌ನಲ್ಲಿ ಅದು ಎಳೆಯುವುದು ಸುಮಾರು 14 ಆಂಪ್. ಗೀಸರ್ ಹಾಕುವ ಪವರ್ ಪ್ಲಗ್ ಸಾಕಲ್ಲವೇ ಎಂದುಕೊಳ್ಳುತ್ತಾರೆ. ಗೀಸರ್ ಉರಿಯುವುದು ಇಪ್ಪತ್ತು ನಿಮಿಷ. 30 ಯೂನಿಟ್‌ನ ಬ್ಯಾಟರಿಯನ್ನು ಶೇ. 20ರಿಂದ 100ಕ್ಕೆ ತರಲು ಎಂಟು ಗಂಟೆ ಬೇಕು. ಸಾಕೆಟ್ಟಿನೊಳಗಿನ ಹಿತ್ತಾಳೆ ಸ್ಪ್ರಿಂಗ್ ಸ್ವಲ್ಪ ಸಡಿಲಾಗಿ 0.1 ಓಮ್ ರೋಧ ಬಂದರೂ ಅಲ್ಲಿ ಹುಟ್ಟುವ ಶಾಖ 20 ವ್ಯಾಟ್, ಹೆಚ್ಚುಕಡಿಮೆ ಒಂದು ಸಣ್ಣ ಸೋಲ್ಡರಿಂಗ್ ಕಡ್ಡಿಯಷ್ಟು. ಬಿಸಿಯಾದಂತೆ ಸ್ಪ್ರಿಂಗ್ ಇನ್ನಷ್ಟು ಸಡಿಲಾಗುತ್ತದೆ, ರೋಧ ಏರುತ್ತದೆ, ಶಾಖ ಮತ್ತೂ ಹೆಚ್ಚುತ್ತದೆ. ಇಷ್ಟಾದರೂ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು) ಬೀಳುವುದಿಲ್ಲ, ಏಕೆಂದರೆ ಕರೆಂಟು ಅದೇ 14 ಆಂಪ್. ಪ್ಲಗ್ಗಿನ ಪಿನ್ನಿನ ಸುತ್ತ ಕಂದು ಬಣ್ಣ ಬಂದಿದ್ದರೆ ಸಾಕೆಟ್ಟು, ಪ್ಲಗ್ಗು ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದರ ಸುಟ್ಟ ಮೇಲ್ಮೈ ಹೊಸದನ್ನೂ ಹಾಳುಮಾಡುತ್ತದೆ.

ಹೊಸ ಸಾಕೆಟ್ಟಿನಲ್ಲಿ ಮೊದಲ ಸಲ ಚಾರ್ಜ್ ಮಾಡುವಾಗ ಒಂದು ಗಂಟೆ ಬಿಟ್ಟು ಚಾರ್ಜಿಂಗ್ ನಿಲ್ಲಿಸಿ, ಸ್ವಿಚ್ ಆರಿಸಿ, ಕೂಡಲೇ ಪ್ಲಗ್ಗನ್ನು ಹಿಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ ಆ ಸಾಕೆಟ್ ಬಳಸಬೇಡಿ. ಎಕ್ಸ್‌ಟೆನ್ಷನ್ ಬಾಕ್ಸು, ಕನ್ವರ್ಟರ್ ಪಿನ್ನು ಎಂದೂ ಬೇಡ.

ಈ ಪ್ಲಗ್ಗಿಗೆ ಮನೆಯ ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆ) ನೇರವಾಗಿ ಪ್ರತ್ಯೇಕ ತಾಮ್ರದ ವೈರು ಬರಬೇಕು: 4 ಚದರ ಮಿ.ಮೀ., ಜೊತೆಗೆ 20 ಆಂಪ್‌ನ ಎಂಸಿಬಿ. ಯುಪಿಎಸ್ ಲೈನಿಗೆ ಜೋಡಿಸಬಾರದು. 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಆದರೆ 31 ಆಂಪ್ ಎಳೆಯುತ್ತದೆ, ಅದಕ್ಕೆ 40 ಆಂಪ್ ಎಂಸಿಬಿ, ಇಪ್ಪತ್ತು ಮೀಟರ್ ಒಳಗಾದರೆ 6 ಚದರ ಮಿ.ಮೀ. ವೈರು ಸಾಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮೀಟರ್ ಬೋರ್ಡಿನಿಂದ ಬೇಸ್‌ಮೆಂಟಿನ ಪಾರ್ಕಿಂಗ್‌ವರೆಗೆ 50 ಮೀಟರ್ ಇರುವುದೂ ಉಂಟು. ಅಷ್ಟು ದೂರಕ್ಕೆ 6 ಚದರ ಮಿ.ಮೀ. ಎಳೆದರೆ ಸುಮಾರು 300 ವ್ಯಾಟ್ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ, 10 ಚದರ ಮಿ.ಮೀ. ಎಳೆಯಿರಿ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇರುವ ಮನೆಗೆ ಈ ಚಾರ್ಜರ್ ತರುವ ಮೊದಲು ಎಸ್ಕಾಂನಲ್ಲಿ (ವಿದ್ಯುತ್ ಸರಬರಾಜು ಕಂಪನಿ) ಲೋಡ್ ಹೆಚ್ಚಿಸಿಕೊಳ್ಳಬೇಕು.

ಇನ್ನು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಏರ್ಪಾಡು. ಕಾರು ನಿಂತಿರುವುದು ನಾಲ್ಕು ರಬ್ಬರ್ ಟೈರುಗಳ ಮೇಲೆ, ಅದರ ಬಾಡಿಗೂ ಭೂಮಿಗೂ ಇರುವ ಗಟ್ಟಿ ನಂಟು ಪ್ಲಗ್ಗಿನ ಆ ದಪ್ಪ ಪಿನ್ ಒಂದೇ. ಅರ್ತ್ ಸರಿಯಿಲ್ಲ ಎಂದು ಕಂಡರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಆಗ ಕೆಲವು ಎಲೆಕ್ಟ್ರಿಷಿಯನ್ನರು ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿಗೂ ಅರ್ತ್ ಪಿನ್ನಿಗೂ ಒಂದು ಚಿಕ್ಕ ವೈರು ಕಟ್ಟುತ್ತಾರೆ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ. ದಯವಿಟ್ಟು ಇದನ್ನು ಮಾಡಿಸಬೇಡಿ. ಕಂಬದಲ್ಲೋ ಮೀಟರ್ ಬಳಿಯ ಫ್ಯೂಸ್ ಕಟೌಟಿನಲ್ಲೋ ನ್ಯೂಟ್ರಲ್ ತುಂಡಾದರೆ, ಮನೆಯಲ್ಲಿ ಚಾಲೂ ಇರುವ ಫ್ರಿಜ್ಜು, ಟಿವಿಗಳ ಮೂಲಕ ಒಳಗಿನ ನ್ಯೂಟ್ರಲ್ ತಂತಿಗೆ 230 ವೋಲ್ಟ್ ಬರುತ್ತದೆ. ಆ ಚಿಕ್ಕ ವೈರಿನ ಮೂಲಕ ಅದು ನೇರ ಕಾರಿನ ಬಾಡಿಗೆ ಹೋಗುತ್ತದೆ. ಪ್ಲಗ್ಗಿನ ಸ್ವಿಚ್ ಆರಿಸಿದರೂ ಉಪಯೋಗವಿಲ್ಲ, ಸ್ವಿಚ್ ಕತ್ತರಿಸುವುದು ಫೇಸನ್ನು ಮಾತ್ರ. ಮಳೆಯಲ್ಲಿ ಬರಿಗಾಲಲ್ಲಿ ಬಂದು ಬಾಗಿಲಿಗೆ ಕೈ ಹಾಕಿದವರ ಜೀವಕ್ಕೇ ಅಪಾಯ.

ಸರಿಯಾದ ದಾರಿ ಅರ್ತ್ ಗುಂಡಿ ಸರಿಪಡಿಸುವುದು. ಸುಮಾರು 3 ಮೀಟರ್ ಉದ್ದದ ಪೈಪು ಅಥವಾ ತಾಮ್ರ ಲೇಪಿತ ರಾಡು, ಸುತ್ತ ಇದ್ದಿಲು ಉಪ್ಪು ಅಥವಾ ಬೆಂಟೊನೈಟ್ ಜೇಡಿ. ಅರ್ತ್ ಟೆಸ್ಟರಿನಲ್ಲಿ ಅಳೆದರೆ 5 ಓಮ್ ಒಳಗಿರಬೇಕು. ಚಾರ್ಜ್ ಆಗುತ್ತಿರುವಾಗ ನ್ಯೂಟ್ರಲ್, ಅರ್ತ್ ನಡುವೆ 2–3 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಮಲ್ಟಿಮೀಟರಿನಲ್ಲಿ ಫೇಸ್, ಅರ್ತ್ ನಡುವೆ 230 ಬಂತು ಎಂಬುದು ಸಾಕ್ಷಿಯಲ್ಲ. ಮೀಟರ್ ಎಳೆಯುವ ಕರೆಂಟು ಎಷ್ಟು ಕಡಿಮೆಯೆಂದರೆ ಕೆಟ್ಟ ಅರ್ತಿನಲ್ಲೂ 230 ತೋರಿಸುತ್ತದೆ. ಬಯಲುಸೀಮೆಯಲ್ಲಿ ಡಿಸೆಂಬರಿನಲ್ಲಿ ಚೆನ್ನಾಗಿದ್ದ ಚಾರ್ಜರ್ ಏಪ್ರಿಲ್‌ನಲ್ಲಿ ಕೆಂಪು ದೀಪ ತೋರಿಸಿದರೆ ಮಣ್ಣು ಒಣಗಿದೆ ಎಂದು ಅರ್ಥ, ಗುಂಡಿಗೆ ನಾಲ್ಕು ಬಿಂದಿಗೆ ನೀರು ಹಾಕಿ ನೋಡಿ. ಕರಾವಳಿ, ಮಲೆನಾಡಿನ ಮುರಕಲ್ಲು ನೆಲದಲ್ಲಿ ಒಂದು ಗುಂಡಿ ಸಾಲದೇ ಹೋಗಬಹುದು, 3 ಮೀಟರಿಗಿಂತ ಹೆಚ್ಚು ಅಂತರದಲ್ಲಿ ಇನ್ನೊಂದು ತೋಡಿ ಎರಡನ್ನೂ ಜೋಡಿಸಿ.

ಅರ್ತ್ ಸರಿಯಾದ ಮೇಲೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು) ಹಾಕಿಸಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಎಸಿ ಮಾದರಿ, ಕಾರಿಗೆ ಅದು ಬೇಡ. ಕಾರಿನೊಳಗೆ ಮನೆಯ ಎಸಿ ಕರೆಂಟು ಬ್ಯಾಟರಿಗೆ ಬೇಕಾದ ಡಿಸಿಯಾಗುವಾಗ ಸ್ವಲ್ಪ ಡಿಸಿ ಸೋರಿದರೂ ಆ ಮಾದರಿಯ ಆರ್‌ಸಿಸಿಬಿಯ ಕಾಂತ ಸುರುಳಿ ಮಂಕಾಗಿ ನಿಜವಾದ ಸೋರಿಕೆಯ ಹೊತ್ತಿಗೆ ಬೀಳದೇ ಇರಬಹುದು. ಚಾರ್ಜರಿನಲ್ಲೇ 6 ಮಿಲಿಆಂಪ್ ಡಿಸಿ ಸೋರಿಕೆ ಪತ್ತೆ ಇದ್ದರೆ ಎ ಮಾದರಿ, ಇಲ್ಲದಿದ್ದರೆ ಬಿ ಮಾದರಿ. ಸಿಡಿಲು ಹೆಚ್ಚಿರುವ ಕಡೆ ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಟರ್ (ತಂತಿಯಲ್ಲಿ ದಿಢೀರನೆ ನುಗ್ಗುವ ವೋಲ್ಟೇಜು ತಡೆಯುವ ಸಾಧನ) ಇರಲಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಳಚಿಡುವುದು ಅದಕ್ಕಿಂತ ಒಳ್ಳೆಯದು.

ಮಳೆ ನೀರಿನ ಬಗ್ಗೆ ಭಯ ಅತಿಯಾಗಿದೆ. ಐಪಿ67 ಗುರುತಿನ ಬ್ಯಾಟರಿ ಪೆಟ್ಟಿಗೆಯನ್ನು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಪರೀಕ್ಷಿಸಿರುತ್ತಾರೆ. ಆದರೆ ಬೇಸ್‌ಮೆಂಟಿನ ಕೊಳಚೆ ನೀರಿನಲ್ಲಿ ಗಂಟೆಗಟ್ಟಲೆ ನಿಂತ ಕಾರಿನ ಮಾತು ಬೇರೆ. ಅದನ್ನು ಚಾಲೂ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ, ಹೈವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ. ಫ್ಲಾಟ್‌ಬೆಡ್ ಮೇಲೆ ಸಾಗಿಸಿ, ತಪಾಸಣೆ ಆಗುವವರೆಗೆ ಕಟ್ಟಡದಿಂದ 15 ಮೀಟರ್ ದೂರ ಬಯಲಲ್ಲಿ ನಿಲ್ಲಿಸಿ. ಹಾನಿಯಾದ ಬ್ಯಾಟರಿ ಕೆಲವು ದಿನ ಕಳೆದ ಮೇಲೂ ಹೊತ್ತಿಕೊಳ್ಳಬಹುದು. ಕಾರಿನಡಿಯಿಂದ ಹೊಗೆ ಬಂದರೆ ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಹಿಡಿದು ಹತ್ತಿರ ಹೋಗಬೇಡಿ, ಸೆಲ್‌ನೊಳಗಿನ ಕ್ರಿಯೆ ಅದರಿಂದ ನಿಲ್ಲುವುದಿಲ್ಲ. ದೂರ ಸರಿದು 112ಕ್ಕೆ ಕರೆ ಮಾಡಿ, ಎಲೆಕ್ಟ್ರಿಕ್ ಕಾರು ಎಂದು ಮೊದಲೇ ಹೇಳಿ.

ಎಷ್ಟರವರೆಗೆ ಚಾರ್ಜ್ ಮಾಡಬೇಕು ಎಂಬುದು ಬ್ಯಾಟರಿಯ ಜಾತಿಯ ಮೇಲಿದೆ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಬ್ಯಾಟರಿ) ಆದರೆ ದಿನಬಳಕೆಗೆ ಶೇ. 80ಕ್ಕೆ ನಿಲ್ಲಿಸಿ. ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ) ಆದರೆ ವಾರಕ್ಕೊಮ್ಮೆ 100 ಮಾಡಿ, ಇಲ್ಲದಿದ್ದರೆ ಪರದೆಯಲ್ಲಿ ಕಾಣುವ ಅಂಕಿ ನಿಜದಿಂದ ದೂರವಾಗುತ್ತಾ ಹೋಗುತ್ತದೆ. ಮಡಿಕೇರಿಯಂಥ ಎತ್ತರದ ಊರಲ್ಲಿ ಮನೆಯಿರುವವರು ಘಟ್ಟ ಇಳಿಯುವ ದಿನ 90ಕ್ಕೇ ಕಳಚಬೇಕು. ತುಂಬಿದ ಬ್ಯಾಟರಿ ಇಳಿಜಾರಿನಲ್ಲಿ ಮೋಟಾರು ವೇಗ ತಗ್ಗಿಸುತ್ತಾ ಮರಳಿಸುವ ಕರೆಂಟನ್ನು ತೆಗೆದುಕೊಳ್ಳುವುದಿಲ್ಲ, ಆಗ ಭಾರವೆಲ್ಲ ಬ್ರೇಕ್ ಪ್ಯಾಡ್ ಮೇಲೆ. ಜಾಗ ಉಳಿಸಿಕೊಂಡು ಇಳಿದರೆ ಘಟ್ಟದ ಬುಡದ ಸಂಪಾಜೆ ಮುಟ್ಟುವಷ್ಟರಲ್ಲಿ ಒಂದೆರಡು ಯೂನಿಟ್ ಬ್ಯಾಟರಿಗೇ ಸೇರಿರುತ್ತದೆ.